ನಾಲ್ಕು ವರ್ಷದ ಕುಲಪತಿ, ಅರವತ್ತು ವರ್ಷದ ಕಟ್ಟಡ

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ಕುಲಪತಿಯ ಅಧಿಕಾರಾವಧಿ ನಾಲ್ಕು ವರ್ಷ. ಮೊದಲ ಆರು ತಿಂಗಳು ಹಾರ, ಸನ್ಮಾನ, ಪರಿಚಯಗಳಲ್ಲಿ ಕಳೆಯುತ್ತದೆ. ಕೊನೆಯ ಆರು ತಿಂಗಳು ಮುಂದಿನವರು ಯಾರೆಂಬ ಗುಸುಗುಸುವಿನಲ್ಲಿ. ನಡುವೆ ಉಳಿಯುವ ಮೂರು ವರ್ಷದಲ್ಲಿ ಏನಾದರೂ ಮಾಡಿ ತೋರಿಸಬೇಕು. ಪಠ್ಯಕ್ರಮ ತಿದ್ದಿದರೆ ಫಲ ಕಾಣುವ ಹೊತ್ತಿಗೆ ತಿದ್ದಿದವರು ನಿವೃತ್ತರಾಗಿರುತ್ತಾರೆ. ಒಳ್ಳೆಯ ಅಧ್ಯಾಪಕರನ್ನು ತರೋಣವೆಂದರೆ ಹುದ್ದೆ ತುಂಬಲು ಸರ್ಕಾರದ ಅನುಮತಿಗೆ ಕಾಯಬೇಕು. ಕೈಗೆ ಸಿಗುವುದು ಕಟ್ಟಡ ಒಂದೇ. ಅದಕ್ಕೆ ಗುದ್ದಲಿ ಪೂಜೆಯೆಂದು ಒಂದು ಸಮಾರಂಭ, ಉದ್ಘಾಟನೆಯೆಂದು ಇನ್ನೊಂದು, ಗೋಡೆಯಲ್ಲಿ ಹೆಸರು ಕೆತ್ತಿದ ಗ್ರಾನೈಟ್ ಫಲಕ. ಎಷ್ಟೋ ಕಡೆ ಒಳಗಿನ ವಿಭಾಗದ ನಾಮಫಲಕಕ್ಕಿಂತ ಈ ಫಲಕವೇ ದೊಡ್ಡದು. ಹೀಗೆ ನಾಲ್ಕು ವರ್ಷಕ್ಕೆ ಬಂದವರು ಅರವತ್ತು ವರ್ಷ ನಿಲ್ಲುವ ವಸ್ತುವಿನ ಜಾಗ, ಗಾತ್ರ, ಆಕಾರಗಳನ್ನು ತೀರ್ಮಾನಿಸಿ ಹೋಗುತ್ತಾರೆ. ಅದರೊಳಗೆ ಪಾಠ ಹೇಳುವವರು, ಕೇಳುವವರು, ಕಸ ಗುಡಿಸುವವರು ಉಳಿದ ಐವತ್ತಾರು ವರ್ಷ ಅದನ್ನು ಅನುಭವಿಸುತ್ತಾರೆ.

ಇದಕ್ಕೆ ಮದ್ದೆಂದು ಎಲ್ಲರೂ ಹೇಳುವುದು ಮಾಸ್ಟರ್ ಪ್ಲಾನ್. ಸಲಹೆಗಾರ ಸಂಸ್ಥೆಯೊಂದನ್ನು ನೇಮಿಸಿ, ಬಣ್ಣಬಣ್ಣದ ನಕ್ಷೆ ಬರೆಸಿ, ಇಲ್ಲಿ ವಿಜ್ಞಾನ, ಅಲ್ಲಿ ಕಲೆ, ಆಚೆ ವಸತಿನಿಲಯ ಎಂದು ಗುರುತಿಸಿ ಸಿಂಡಿಕೇಟಿನ ಒಪ್ಪಿಗೆ ಪಡೆದರೆ ದೀರ್ಘಾವಧಿ ಯೋಜನೆ ಆಯಿತೆಂಬ ಭಾವನೆ ಇದೆ. ನನಗೆ ಇದರಲ್ಲಿ ನಂಬಿಕೆ ಕಡಿಮೆ. ಕ್ಯಾಂಪಸ್ಸಿನ ಯೋಜನೆ ಎಲ್ಲಿ ಕಟ್ಟಬಾರದು ಎಂಬುದನ್ನು ಮೊದಲು ಹೇಳಬೇಕು. ಈಗಾಗಲೇ ಕಟ್ಟಿರುವುದನ್ನು ಯಾರ ದುಡ್ಡಿನಲ್ಲಿ ಕಾಪಾಡುವುದು ಎಂಬುದನ್ನು ಆಮೇಲೆ ಹೇಳಬೇಕು. ಹೊಸದಾಗಿ ಏನು ಕಟ್ಟುವುದು ಎಂಬ ಪ್ರಶ್ನೆ ಬರುವುದು ಇವೆರಡೂ ಇತ್ಯರ್ಥವಾದ ಮೇಲೆ. ನಮ್ಮಲ್ಲಿ ಈ ಕ್ರಮ ತಿರುವುಮುರುವಾಗಿದೆ.

ಬೆಂಗಳೂರು ವಿಶ್ವವಿದ್ಯಾಲಯದ ಕಥೆ ನೋಡಿ. 1964ರಲ್ಲಿ ಸೆಂಟ್ರಲ್ ಕಾಲೇಜನ್ನೂ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜನ್ನೂ ಒಳಗೊಂಡು ಹುಟ್ಟಿದ ವಿ.ವಿ. 1973ರಲ್ಲಿ ಮೈಸೂರು ರಸ್ತೆಯ ಜ್ಞಾನಭಾರತಿಗೆ ಬಂತು. ಸುಮಾರು 1,100 ಎಕರೆ. ಆಗಿನ ಬೆಂಗಳೂರಿಗೆ ಅದು ಊರಾಚೆ. ಅಷ್ಟು ಭೂಮಿ ಕೊಟ್ಟವರು ದೂರದೃಷ್ಟಿಯವರೆಂದೇ ನಾನು ಎಣಿಸುತ್ತೇನೆ, ಏಕೆಂದರೆ ಭೂಮಿಯೊಂದನ್ನು ಮಾತ್ರ ಆಮೇಲೆ ಎಷ್ಟು ಹಣ ಕೊಟ್ಟರೂ ನಗರದ ಒಳಗೆ ಸೇರಿಸಿಕೊಳ್ಳಲಾಗದು. ಆದರೆ ಖಾಲಿ ಬಿದ್ದ ಭೂಮಿ ನಮ್ಮ ಆಡಳಿತದ ಕಣ್ಣಿಗೆ ವ್ಯರ್ಥವಾಗಿ ಕಾಣುತ್ತದೆ. ರಾಷ್ಟ್ರೀಯ ಕಾನೂನು ಶಾಲೆಗೆ ಜಾಗ ಬೇಕಿತ್ತು, ಸಿಕ್ಕಿತು. ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರಕ್ಕೂ ಸಿಕ್ಕಿತು. ಇವೆರಡರಲ್ಲಿ ಯಾವುದೂ ಬೇಡದ ಸಂಸ್ಥೆಯಲ್ಲ. ಕಾನೂನು ಶಾಲೆಯಂತೂ ದೇಶಕ್ಕೇ ಮಾದರಿಯಾಯಿತು. ತೊಡಕು ಇರುವುದೇ ಅಲ್ಲಿ. ಭೂಮಿ ಕೇಳಿ ಬರುವ ಪ್ರತಿಯೊಂದು ಅರ್ಜಿಯೂ ಯೋಗ್ಯವಾಗಿಯೇ ಇರುತ್ತದೆ. ಒಂದೊಂದನ್ನೂ ಅದರದರ ಯೋಗ್ಯತೆಯ ಮೇಲೆ ತೂಗಿದರೆ ಒಂದಕ್ಕೂ ಇಲ್ಲ ಎನ್ನಲಾಗದು. ಒಟ್ಟು ಎಷ್ಟು ಬಿಟ್ಟುಕೊಡಬಹುದು, ಯಾವ ಅಂಚಿನಿಂದ ಒಳಕ್ಕೆ ಯಾರೂ ಬರಕೂಡದು ಎಂಬ ಗೆರೆ ಮೊದಲೇ ಬಿದ್ದಿರಬೇಕು. ಇಲ್ಲದಿದ್ದರೆ ಒಳ್ಳೆಯ ಕಾರಣಗಳೇ ಸಾಲಾಗಿ ಬಂದು ಕ್ಯಾಂಪಸ್ಸನ್ನು ಹರಿದು ಹಂಚಿಕೊಳ್ಳುತ್ತವೆ.

ಇನ್ನು ರಸ್ತೆ. ಜ್ಞಾನಭಾರತಿಯ ಒಳರಸ್ತೆಗಳು ವಿಭಾಗದಿಂದ ವಿಭಾಗಕ್ಕೆ ಹೋಗಲೆಂದು ಆದವು. ಸುತ್ತ ನಾಗರಬಾವಿ, ಉಲ್ಲಾಳ, ಕೆಂಗೇರಿಯ ಬಡಾವಣೆಗಳು ಬೆಳೆದಂತೆ ಮೈಸೂರು ರಸ್ತೆಯಿಂದ ಆ ಕಡೆಗೆ ಹೋಗುವವರಿಗೆ ಕ್ಯಾಂಪಸ್ ಹತ್ತಿರದ ದಾರಿಯಾಯಿತು. ಇದನ್ನು ಸಾರ್ವಜನಿಕ ರಸ್ತೆ ಮಾಡೋಣವೆಂದು ಯಾರೂ ಒಂದು ದಿನ ಕೂತು ತೀರ್ಮಾನಿಸಲಿಲ್ಲ. ಇವತ್ತು ಹತ್ತು ಸ್ಕೂಟರು, ನಾಳೆ ನೂರು ಕಾರು, ಆಮೇಲೆ ಬಸ್ಸಿನ ಮಾರ್ಗ. ಬಳಕೆ ಹಳತಾದಂತೆ ಹಕ್ಕಾಯಿತು. 2022ರ ಅಕ್ಟೋಬರಿನಲ್ಲಿ ಕ್ಯಾಂಪಸ್ಸಿನೊಳಗೆ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಬಸ್ಸಿನಡಿ ಸಿಕ್ಕಿ ತೀವ್ರವಾಗಿ ಗಾಯಗೊಂಡು, ಬಳಿಕ ತೀರಿಕೊಂಡರು. ಹೊರಗಿನ ವಾಹನಗಳನ್ನು ನಿಲ್ಲಿಸಿ ಎಂದು ವಿದ್ಯಾರ್ಥಿಗಳು ಬೀದಿಗಿಳಿದರು. ಆ ಹೊತ್ತಿಗೆ ನಿಲ್ಲಿಸುವುದೆಂದರೆ ಸಾವಿರಾರು ಜನರ ದಿನನಿತ್ಯದ ದಾರಿ ಮುಚ್ಚುವುದು. ಮೂವತ್ತು ವರ್ಷ ಮುಂಚೆಯಾಗಿದ್ದರೆ ಒಂದು ಗೇಟು, ಇಬ್ಬರು ಕಾವಲುಗಾರರು, ಹೊರಗಿನಿಂದ ಸುತ್ತಿ ಹೋಗುವ ಒಂದು ರಸ್ತೆಗೆ ಮೀಸಲಿಟ್ಟ ಪಟ್ಟಿ ಸಾಕಾಗುತ್ತಿತ್ತು. ಕ್ಯಾಂಪಸ್ ಯೋಜನೆಯಲ್ಲಿ ಕಟ್ಟಡಕ್ಕಿಂತ ರಸ್ತೆ ದೊಡ್ಡ ವಿಷಯ ಎಂದು ನಾನು ಹೇಳುವುದು ಇದಕ್ಕೆ. ತಪ್ಪು ಜಾಗದ ಕಟ್ಟಡವನ್ನು ಐವತ್ತು ವರ್ಷದ ಮೇಲಾದರೂ ಕೆಡವಬಹುದು, ಜನ ಓಡಾಡಿ ಪಳಗಿಸಿದ ದಾರಿಯನ್ನು ಮುಚ್ಚುವುದು ಅಷ್ಟು ಸುಲಭವಲ್ಲ.

ಅದೇ ಕ್ಯಾಂಪಸ್ಸಿನ ಪಕ್ಕ ಹರಿಯುವ ವೃಷಭಾವತಿ ಈಗ ನಗರದ ಕೊಳಚೆ ಹೊತ್ತ ಕಾಲುವೆ. ಅದನ್ನು ವಿಶ್ವವಿದ್ಯಾಲಯ ಒಂದೇ ಸರಿಪಡಿಸಲಾರದು. ಆದರೆ ಕ್ಯಾಂಪಸ್ಸಿನ ಜೈವಿಕ ಉದ್ಯಾನದಲ್ಲಿ ನೆಟ್ಟ ಗಿಡಮರಗಳು ಇಂದು ನಗರದ ಪಶ್ಚಿಮ ಭಾಗಕ್ಕೆ ಉಳಿದಿರುವ ದೊಡ್ಡ ಹಸಿರುಗಳಲ್ಲಿ ಒಂದು. ಕಟ್ಟದೆ ಬಿಟ್ಟ ಭೂಮಿ ಅಷ್ಟು ಕೆಲಸ ಮಾಡಿದೆ.

ಮೈಸೂರಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಕುವೆಂಪು ಕುಲಪತಿಯಾಗಿದ್ದು 1956ರಿಂದ 1960ರವರೆಗೆ. ಅವರ ಕಾಲದಲ್ಲೇ ಸ್ನಾತಕೋತ್ತರ ವಿಭಾಗಗಳಿಗಾಗಿ ಮಾನಸಗಂಗೋತ್ರಿ ರೂಪುಗೊಂಡಿತು, ಹೆಸರೂ ಅವರದೇ. ಅವಧಿ ನಾಲ್ಕು ವರ್ಷವಾದರೂ ಆಲೋಚನೆ ನಾಲ್ಕು ವರ್ಷದ್ದಾಗಿರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಕ್ಯಾಂಪಸ್ಸಿಗೆ ಅಂಟಿಕೊಂಡ ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1864ರದು. ವಿ.ವಿ.ಯ ಯಾವ ಸಭಾಂಗಣವೂ, ಯಾವ ಪ್ರಯೋಗಾಲಯವೂ ಆ ಕೆರೆಯ ಏರಿಯಷ್ಟು ಜನರಿಗೆ ದಿನವೂ ಉಪಯೋಗಕ್ಕೆ ಬಂದಿರಲಾರದು. ಆದರೂ ಕೆರೆಗೆ ನೀರು ತರುವ ಮೇಲಿನ ಜಾಗಗಳ ಮೇಲೆ ಊರು ಬೆಳೆದಂತೆ ಕೆರೆಯ ಆಯುಸ್ಸು ವಿ.ವಿ.ಯ ಕೈ ಮೀರುತ್ತದೆ. ಕ್ಯಾಂಪಸ್ಸಿನ ನಕ್ಷೆ ಕಾಂಪೌಂಡಿನ ಒಳಗಷ್ಟೇ ನಿಂತರೆ ನೀರಿಗೆ ಅದು ಅರ್ಥವಾಗುವುದಿಲ್ಲ.

ಅದೇ ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮೀವಿಲಾಸ ಅರಮನೆ ಇದೆ. 1905ರ ಕಟ್ಟಡ. 1959ರಲ್ಲಿ ವಿಶ್ವವಿದ್ಯಾಲಯ ಕೊಂಡುಕೊಂಡಿತು. ಮುಂದೆ ಜಾನಪದ ವಸ್ತುಸಂಗ್ರಹಾಲಯಕ್ಕೆ ಮನೆಯಾಯಿತು. ಹಳ್ಳಿಹಳ್ಳಿ ತಿರುಗಿ ತಂದ ಗೊಂಬೆ, ನೇಗಿಲು, ಯಕ್ಷಗಾನದ ಕಿರೀಟಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಈ ಶತಮಾನದ ಆರಂಭದಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿಯೂ ನಡೆಯಿತು. ಮುಂದಿನ ವರ್ಷಗಳಲ್ಲಿ ಮತ್ತೆ ಚಾವಣಿ ಸೋರಿತು, ಮರ ಕೊಳೆಯಿತು, ಕೆಲವು ಭಾಗಗಳಿಗೆ ಜನರನ್ನು ಬಿಡುವುದೇ ಕಷ್ಟವಾಯಿತು. ದಾನಿಯೊಬ್ಬರು ಒಮ್ಮೆ ದೊಡ್ಡ ಮೊತ್ತ ಕೊಟ್ಟು ದುರಸ್ತಿ ಮಾಡಿಸಬಹುದು. ವರ್ಷವೂ ಮಳೆಗಾಲಕ್ಕೆ ಮುಂಚೆ ಮಾಡಿನ ಮೇಲೆ ಹತ್ತಿ ಹೆಂಚು ಸರಿಸುವ, ನೀರಿಳಿಯುವ ಕೊಳವೆಯಿಂದ ಎಲೆ ತೆಗೆಯುವ ಕೆಲಸಕ್ಕೆ ದಾನಿ ಸಿಗುವುದಿಲ್ಲ. ಅದು ಮನೆ ಇಟ್ಟುಕೊಂಡವರ ಕೆಲಸ.

ಇದರ ಲೆಕ್ಕ ಹೊಸದೇನೂ ಅಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1990ರಲ್ಲಿ ಸಾರ್ವಜನಿಕ ಕಟ್ಟಡಗಳ ಬಗ್ಗೆ ವರದಿ ಕೊಡುತ್ತ, ಕಟ್ಟಡವನ್ನು ಇವತ್ತು ಮತ್ತೆ ಕಟ್ಟಲು ಎಷ್ಟು ಬೇಕೋ ಅದರ ಶೇ 2ರಿಂದ 4ರಷ್ಟನ್ನು ವರ್ಷವೂ ನಿರ್ವಹಣೆಗೆ, ದುರಸ್ತಿಗೆ ಇಡಬೇಕು ಎಂದಿತು. ನಮ್ಮ ಲೆಕ್ಕಕ್ಕೆ ಇಳಿಸಿ ನೋಡೋಣ. 2023ರಲ್ಲಿ ಬಂದ ಕೇಂದ್ರದ ಪಿಎಂ-ಉಷಾ ಯೋಜನೆಯಲ್ಲಿ ಆಯ್ದ 35 ವಿಶ್ವವಿದ್ಯಾಲಯಗಳಿಗೆ ತಲಾ 100 ಕೋಟಿ ರೂಪಾಯಿ ಸಿಗಬಹುದು. ಅಷ್ಟನ್ನೂ ಕಟ್ಟಡಕ್ಕೆ ಹಾಕಿದರೆಂದು ಇಟ್ಟುಕೊಂಡರೆ, ಕಡಿಮೆ ಅಂದಾಜಿನಲ್ಲೇ ವರ್ಷಕ್ಕೆ 2 ಕೋಟಿ ಬೇಕು. ಐವತ್ತು ವರ್ಷಕ್ಕೆ ಬೆಲೆ ಏರಿಕೆ ಬಿಟ್ಟೇ ಇನ್ನೂ 100 ಕೋಟಿ. ಈ ಎರಡನೆಯ ನೂರು ಕೋಟಿಯನ್ನು ಯಾವ ಯೋಜನೆಯೂ ಕೊಡುವುದಿಲ್ಲ. ಹಳೆಯದರ ನವೀಕರಣಕ್ಕೆ ಪಿಎಂ-ಉಷಾದಲ್ಲಿ ಅವಕಾಶವಿದೆ, ನಿಜ. ಆದರೆ ಅದೂ ಒಂದು ಸಲದ ಹಣವೇ. ವರ್ಷವರ್ಷದ ನಿರ್ವಹಣೆಯ ಹಣವನ್ನು ವಿ.ವಿ. ತನ್ನ ಸ್ವಂತ ಆದಾಯದಿಂದ, ಅಂದರೆ ಬಹುಮಟ್ಟಿಗೆ ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕಗಳಿಂದ ಹೊಂದಿಸಬೇಕು. ಬೆಂಗಳೂರು ವಿ.ವಿ. 2017ರಲ್ಲಿ ಮೂರಾದಾಗ ಕಾಲೇಜುಗಳು ಹಂಚಿಹೋದವು, ಅವುಗಳೊಂದಿಗೆ ಶುಲ್ಕವೂ ಹೋಯಿತು. 1,100 ಎಕರೆಯ ರಸ್ತೆ, ಬೀದಿದೀಪ, ಚರಂಡಿಗಳು ಹಂಚಿಹೋಗಲಿಲ್ಲ.

2022ರ ಅಕ್ಟೋಬರಿನಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಶತಮಾನದ ಹಳೆಯ ಕಟ್ಟಡದ ಒಂದು ಭಾಗ ಮಳೆಗೆ ಕುಸಿಯಿತು. ಬಿರುಕು ಕಂಡು ಒಳಗಿದ್ದವರನ್ನು ಮೊದಲೇ ಹೊರಗೆ ಕಳಿಸಿದ್ದರಿಂದ ಜೀವಹಾನಿ ಆಗಲಿಲ್ಲ. ಮಳೆ ಜೋರಾಗಿತ್ತು, ಒಪ್ಪೋಣ. ನೂರು ವರ್ಷದಲ್ಲಿ ಅಂಥ ಮಳೆಗಳನ್ನು ಆ ಗೋಡೆ ಬಹಳ ಕಂಡಿತ್ತು. ವಾಸ್ತುಶಿಲ್ಪಿ ಎಷ್ಟೇ ದೊಡ್ಡವನಾದರೂ ನಿರ್ವಹಣೆ ತಪ್ಪಿದ ಈ ಕಾಯಿಲೆಗೆ ರಿಯಾಯಿತಿ ಇಲ್ಲ. ಅಹಮದಾಬಾದಿನ ಐಐಎಂನಲ್ಲಿ ಲೂಯಿ ಕಾನ್ ಕಟ್ಟಿದ 18 ವಸತಿನಿಲಯಗಳಲ್ಲಿ 14ನ್ನು ಕೆಡವಿ ಹೊಸದು ಕಟ್ಟಲು 2020ರ ಡಿಸೆಂಬರಿನಲ್ಲಿ ಆಡಳಿತ ಹೊರಟಾಗ ಜಗತ್ತಿನಾದ್ಯಂತ ಗದ್ದಲವಾಯಿತು, 2021ರ ಜನವರಿ ಒಂದಕ್ಕೆ ಹಿಂದೆ ಸರಿಯಿತು. ಆಡಳಿತ ಕೊಟ್ಟ ಕಾರಣಗಳು ಸುಳ್ಳಾಗಿರಲಿಲ್ಲ: ಇಟ್ಟಿಗೆ ಶಿಥಿಲ, ಸೋರಿಕೆ, 2001ರ ಭೂಕಂಪದ ಪೆಟ್ಟು. ಆದರೆ ಅದೇ ಕ್ಯಾಂಪಸ್ಸಿನ ಕಾನ್ ಗ್ರಂಥಾಲಯವನ್ನು ಜಾಗ್ರತೆಯಿಂದ ದುರಸ್ತಿ ಮಾಡಿದ ಕೆಲಸಕ್ಕೆ 2019ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂದಿತ್ತು. ಅಂದರೆ ಆಗದ ಕೆಲಸವೇನಲ್ಲ. ಮನಸ್ಸು ಮತ್ತು ವರ್ಷವರ್ಷದ ಹಣ ಬೇಕು, ಅಷ್ಟೆ.

ನಿರ್ವಹಣೆಯೆಂದರೆ ಸುಣ್ಣಬಣ್ಣ ಮಾತ್ರವೆಂದು ತಿಳಿಯಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ಎಲ್ಲರೂ ಒಳಹೊಕ್ಕುವಂತೆ ಮಾಡಲು ನಿಯಮ ಬಂದ ದಿನದಿಂದ ಐದು ವರ್ಷ ಕೊಟ್ಟಿತು. ನಿಯಮ ಬಂದದ್ದು 2017ರಲ್ಲಿ. ಗಡುವು ಎಂದೋ ಮುಗಿದಿದೆ. ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿಯೊಬ್ಬ ಎರಡನೆಯ ಮಹಡಿಯ ತರಗತಿಗೆ ಹೇಗೆ ಹೋಗುತ್ತಾನೆ ಎಂಬ ಪ್ರಶ್ನೆ ಇನ್ನೂ ಎಷ್ಟೋ ವಿಭಾಗಗಳಲ್ಲಿ ಸಹಪಾಠಿಗಳ ತೋಳಬಲದಿಂದಲೇ ಬಗೆಹರಿಯುತ್ತಿದೆ.

ಹೊಸದನ್ನು ಕಟ್ಟುವಾಗ ಮುಂದಿನ ಐವತ್ತು ವರ್ಷವನ್ನು ಊಹಿಸಬೇಕು ಎನ್ನುತ್ತಾರೆ. ಊಹಿಸಲಾಗದು ಎಂಬುದೇ ಅನುಭವ. 1960ರಲ್ಲಿ ಮಾನಸಗಂಗೋತ್ರಿಯ ನಕ್ಷೆ ಬರೆದವರು ಕಂಪ್ಯೂಟರ್ ವಿಜ್ಞಾನದ ವಿಭಾಗಕ್ಕೆ ಎಷ್ಟು ಕೋಣೆ ಬೇಕೆಂದು ಹೇಗೆ ತಿಳಿಯಬೇಕಿತ್ತು? ಇಂದು ಯಾವುದೋ ಒಂದು ವಿಷಯಕ್ಕೆ ಅಂಟಿದ ಉಪಕರಣ, ಅಂಟಿದ ಮೆಟ್ಟಿಲು ಸಾಲಿನ ಸಭಾಂಗಣ ಕಟ್ಟಿದರೆ ಇಪ್ಪತ್ತು ವರ್ಷದ ಮೇಲೆ ಆ ವಿಷಯಕ್ಕೆ ವಿದ್ಯಾರ್ಥಿಗಳೇ ಇಲ್ಲದಿರಬಹುದು. ಅಮೆರಿಕದ ಎಂಐಟಿಯಲ್ಲಿ 1943ರಲ್ಲಿ ಯುದ್ಧಕಾಲದ ರೇಡಾರ್ ಸಂಶೋಧನೆಗೆಂದು ಅವಸರದಲ್ಲಿ ಎಬ್ಬಿಸಿದ ಮರದ ಕಟ್ಟಡವೊಂದಿತ್ತು, ಕಟ್ಟಡ 20 ಎಂದೇ ಹೆಸರು. ಯುದ್ಧ ಮುಗಿದು ಆರು ತಿಂಗಳಲ್ಲಿ ಕೆಡವಬೇಕಾಗಿದ್ದದ್ದು 1998ರವರೆಗೆ ನಿಂತಿತು. ಬೇಸಿಗೆಯಲ್ಲಿ ಬೇಯುತ್ತಿತ್ತು, ಚಳಿಯಲ್ಲಿ ನಡುಗುತ್ತಿತ್ತು. ಆದರೆ ಒಳಗಿದ್ದವರು ಯಾರನ್ನೂ ಕೇಳದೆ ಗೋಡೆ ಒಡೆಯಬಹುದಿತ್ತು, ತಂತಿ ಎಳೆಯಬಹುದಿತ್ತು. ಅಣುವಿಜ್ಞಾನದಿಂದ ಚೋಮ್ಸ್ಕಿಯವರ ಭಾಷಾವಿಜ್ಞಾನದವರೆಗೆ ಅಲ್ಲಿ ಮನೆ ಮಾಡಿದವು. ಎಲ್ಲವನ್ನೂ ಹಲಗೆಯಲ್ಲಿ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ಕಂಬದ ಸಾಲು ಗಟ್ಟಿಯಾಗಿದ್ದು ನಡುವಿನ ಗೋಡೆ ಸಡಿಲವಾಗಿರಲಿ. ನೀರು, ವಿದ್ಯುತ್ತು, ಚರಂಡಿಯ ಸಾಲುಗಳನ್ನು ಗೋಡೆಯೊಳಗೆ ಹೂಳದೆ ಕೈಗೆಟುಕುವಂತೆ ಬಿಡಿ ಎಂಬುದಷ್ಟೇ ಪಾಠ.

ಬೆಂಗಳೂರಿನಲ್ಲೇ ಇದಕ್ಕೆ ಒಳ್ಳೆಯ ಮಾದರಿಗಳಿವೆ. ನಾಜಿಗಳ ಜರ್ಮನಿ ಬಿಟ್ಟು ಬಂದು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ ಒಟ್ಟೊ ಕ್ಯೋನಿಗ್ಸ್‌ಬರ್ಗರ್ ಭಾರತೀಯ ವಿಜ್ಞಾನ ಸಂಸ್ಥೆಗೆ ಕಟ್ಟಿದವುಗಳಲ್ಲಿ ಗಾಳಿ ಬೆಳಕಿಗೆ ಕೊಟ್ಟ ಬೆಲೆ ಈಗಲೂ ಕಾಣುತ್ತದೆ. ಬನ್ನೇರುಘಟ್ಟ ರಸ್ತೆಯ ಐಐಎಂಗೆ ಬಾಲಕೃಷ್ಣ ದೋಶಿ ಬರೆದ ನಕ್ಷೆಯಲ್ಲಿ ಕಟ್ಟಡಗಳಿಗಿಂತ ಓಣಿಗಳೇ ಮುಖ್ಯ. ಒರಟು ಬೂದುಗಲ್ಲಿನ ಗೋಡೆ, ಅರ್ಧ ತೆರೆದ ಉದ್ದ ಓಣಿ, ಮೇಲೆ ಬಳ್ಳಿ ಹಬ್ಬಲು ತೊಲೆ. ಫತೇಪುರ್ ಸಿಕ್ರಿಯನ್ನೂ ಮದುರೆಯ ದೇವಾಲಯವನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದೆಂದು ಅವರೇ ಹೇಳುತ್ತಿದ್ದರು. ಓಣಿಯ ಪಕ್ಕಕ್ಕೆ ಮುಂದೆ ಬೇಕಾದ ಕೋಣೆ ಸೇರಿಸಬಹುದು. ಓಣಿ ಮಾತ್ರ ಬದಲಾಗುವುದಿಲ್ಲ. ಕಟ್ಟಡ ಮುಗಿದ ದಿನ ಅದು ಬರಡಾಗಿಯೇ ಕಂಡಿರಬೇಕು. ಪೂರ್ತಿಯಾಗಲು ಮರ ಬೆಳೆಯಬೇಕಿತ್ತು. ಉದ್ಘಾಟನೆಯ ದಿನದ ಫೋಟೊಗೆ ಕಟ್ಟುವವರು ಇಷ್ಟು ತಾಳ್ಮೆ ತೋರುವುದಿಲ್ಲ.

ಮಾಸ್ಟರ್ ಪ್ಲಾನನ್ನೇ ನೇರವಾಗಿ ಬೇಡವೆಂದ ವಿ.ವಿ.ಯೂ ಒಂದಿದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯ ಕ್ರಿಸ್ಟೊಫರ್ ಅಲೆಗ್ಸಾಂಡರ್ ಎಂಬ ವಾಸ್ತುಶಿಲ್ಪಿಯನ್ನು ಕರೆಯಿತು. ಇಪ್ಪತ್ತು ವರ್ಷದ ನಂತರದ ಚಿತ್ರವನ್ನು ಈಗಲೇ ಬರೆದಿಟ್ಟರೆ ಅದು ಬೇಡದ ಕಡೆ ಬಿಗಿ, ಬೇಕಾದ ಕಡೆ ಸಡಿಲ ಎಂಬುದು ಆತನ ಆಕ್ಷೇಪ. ಬದಲಿಗೆ ಒಂದು ಪದ್ಧತಿ ಕೊಟ್ಟ. ಕಟ್ಟಡದಲ್ಲಿ ಇರುವವರೇ ಅದರ ರೂಪರೇಷೆ ಹೇಳಬೇಕು. ಹಣ ದೊಡ್ಡ, ನಡು, ಸಣ್ಣ ಕೆಲಸಗಳಿಗೆ ಸಮನಾಗಿ ಹಂಚಿಕೆಯಾಗಬೇಕು. ವರ್ಷಕ್ಕೊಮ್ಮೆ ಕ್ಯಾಂಪಸ್ಸಿನ ನಕ್ಷೆಯ ಮೇಲೆ ಯಾವ ಜಾಗ ಜೀವಂತವಾಗಿದೆ, ಯಾವುದು ಸತ್ತಿದೆ ಎಂದು ಗುರುತಿಸಿ ಎಲ್ಲರಿಗೂ ತೋರಿಸಬೇಕು. 1975ರಲ್ಲಿ ಅದು ಪುಸ್ತಕವಾಗಿ ಬಂತು. ಅಲ್ಲಿನ ಕ್ಯಾಂಪಸ್ ಯೋಜನೆಯಲ್ಲಿ ಅದರ ಛಾಯೆ ಈಗಲೂ ಇದೆ.

ನನಗೆ ಆ ವಾರ್ಷಿಕ ನಕ್ಷೆ ತುಂಬ ಇಷ್ಟ, ಉಳಿದದ್ದರ ಬಗ್ಗೆ ಅನುಮಾನವಿದೆ. ತುಂಡುತುಂಡಾಗಿ ಬೆಳೆಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅನುದಾನ ಬಂದ ವರ್ಷ ಗುತ್ತಿಗೆದಾರನಿಗೆ ಮಣ್ಣು ಸಮವಿರುವ ಕಡೆ, ರಸ್ತೆ ಹತ್ತಿರವಿರುವ ಕಡೆ ಒಂದು ಕಟ್ಟಡ. ಮುಂದಿನ ಅನುದಾನಕ್ಕೆ ಅದರ ಎದುರಿಗೆ ಇನ್ನೊಂದು. ಇದಕ್ಕೆ ಸಹಜ ಬೆಳವಣಿಗೆ ಎಂಬ ಗೌರವದ ಹೆಸರು ಕೊಡಲು ನಾನು ಸಿದ್ಧನಿಲ್ಲ. ನೀರಿನ ಕೊಳವೆ, ಒಳಚರಂಡಿ, ಹೊರಸುತ್ತಿನ ರಸ್ತೆ, ಕೆರೆಗೆ ಇಳಿಯುವ ಹಳ್ಳಕೊಳ್ಳ ಇವುಗಳಿಗೆ ತುಂಡು ಬುದ್ಧಿ ಒಗ್ಗುವುದಿಲ್ಲ; ಅವನ್ನು ಒಮ್ಮೆ ದೊಡ್ಡದಾಗಿ ಯೋಚಿಸಿ ಕಲ್ಲಿನಲ್ಲಿ ಬರೆದಂತೆ ಇಡಬೇಕು. ಇವುಗಳ ನಡುವಿನ ಜಾಗದಲ್ಲಿ ಮಾತ್ರ ಅಲೆಗ್ಸಾಂಡರನ ಮಾತಿಗೆ ಬೆಲೆ.

ಇನ್ನೊಂದು ತುದಿಗೆ ಹೋದದ್ದನ್ನೂ ಈಚೆಗೆ ಕಂಡೆವು. 2023ರಲ್ಲಿ ರಾಜ್ಯ ಸರ್ಕಾರ ಏಳು ಹೊಸ ವಿಶ್ವವಿದ್ಯಾಲಯಗಳನ್ನು ಆರಂಭಿಸಿತು, ಹೊಸ ಭೂಮಿ, ಹೊಸ ಕಟ್ಟಡ ಬೇಡ ಎಂಬ ಲೆಕ್ಕದಲ್ಲಿ. ಹೇಮಗಂಗೋತ್ರಿ ಹಾಸನ ವಿ.ವಿ. ಆಯಿತು, ಚಿಕ್ಕಅಳುವಾರದ ಸ್ನಾತಕೋತ್ತರ ಕೇಂದ್ರ ಕೊಡಗು ವಿ.ವಿ. ಆಯಿತು. ಇದ್ದದ್ದನ್ನೇ ಬಳಸುವ ಬುದ್ಧಿಯನ್ನು ನಾನು ಮೆಚ್ಚಬೇಕಿತ್ತು. ಆದರೆ ಇದ್ದದ್ದು ಎಷ್ಟು, ಅದು ಎಷ್ಟು ವಿದ್ಯಾರ್ಥಿಗಳನ್ನು ಹೊರಬಲ್ಲದು, ಹತ್ತು ವರ್ಷದ ಖರ್ಚು ಎಲ್ಲಿಂದ ಎಂಬ ಲೆಕ್ಕವೇ ಇರಲಿಲ್ಲ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಈಚೆಗೆ ಹುಟ್ಟಿದ ಒಂಬತ್ತು ವಿ.ವಿ.ಗಳನ್ನು ಮುಚ್ಚುವ ಅಭಿಪ್ರಾಯಕ್ಕೆ ಬಂತು. ಕಟ್ಟದಿರುವುದೂ ಒಂದು ತೀರ್ಮಾನ, ಅದಕ್ಕೂ ಯೋಜನೆ ಬೇಕು.

ಮಾಡಬಹುದಾದದ್ದು ಬಹಳ ದೊಡ್ಡದಲ್ಲ. 2000ರ ಅಧಿನಿಯಮದಲ್ಲೇ ಯೋಜನೆ, ಉಸ್ತುವಾರಿ ಮತ್ತು ಮೌಲ್ಯಮಾಪನ ಮಂಡಳಿ ಎಂಬುದೊಂದಿದೆ. ಅದು ವರ್ಷಕ್ಕೊಮ್ಮೆ ಪ್ರತಿ ಕಟ್ಟಡದ ಆರೋಗ್ಯದ ನಕ್ಷೆಯನ್ನು ಬಹಿರಂಗವಾಗಿ ಪ್ರಕಟಿಸಲಿ: ಎಲ್ಲಿ ಸೋರುತ್ತಿದೆ, ಎಲ್ಲಿ ಶೌಚಾಲಯ ಮುಚ್ಚಿದೆ, ಯಾವ ಕೋಣೆಗಳು ದಿನಕ್ಕೆ ಎರಡೇ ಗಂಟೆ ಬಳಕೆಯಾಗುತ್ತಿವೆ. ಈ ಕೊನೆಯದನ್ನು ಎಣಿಸಿದರೆ ಹೊಸ ಕಟ್ಟಡದ ಬೇಡಿಕೆಗಳಲ್ಲಿ ಅರ್ಧ ಅಲ್ಲೇ ಬಿದ್ದುಹೋಗುತ್ತವೆಂದು ನನ್ನ ಗುಮಾನಿ. ಭೂಮಿ ಬಿಟ್ಟುಕೊಡುವ ತೀರ್ಮಾನ ಒಬ್ಬ ಕುಲಪತಿಯ ಅವಧಿಯಲ್ಲಿ ಒಪ್ಪಿಗೆಯಾಗಿ, ಮುಂದಿನವರ ಅವಧಿಯಲ್ಲಿ ಮತ್ತೆ ದೃಢವಾದರೆ ಮಾತ್ರ ಜಾರಿಯಾಗಲಿ. ತಡವಾಗುತ್ತದೆ ಎನ್ನುತ್ತೀರಿ. ಆಗಲಿ, ಭೂಮಿ ಎಲ್ಲಿಗೂ ಓಡಿಹೋಗುವುದಿಲ್ಲ. ನಿರ್ವಹಣೆಗೆ ಬಡ್ಡಿ ಬರುವ ಇಡುಗಂಟನ್ನು ಜೊತೆಗೇ ತರದ ಯಾವ ಹೊಸ ಕಟ್ಟಡಕ್ಕೂ, ಅದು ದಾನಿಯದಾಗಲಿ ಸರ್ಕಾರದ್ದಾಗಲಿ, ಸಿಂಡಿಕೇಟ್ ಒಪ್ಪಿಗೆ ಕೊಡದಿರಲಿ.

ಇದಕ್ಕೆ ಎಂಜಿನಿಯರಿಂಗ್ ವಿಭಾಗದವರೂ ಹಣಕಾಸು ಅಧಿಕಾರಿಯೂ ಹೇಳುವ ಉತ್ತರ ಒಂದೇ: ಅಷ್ಟೆಲ್ಲ ಕೂತು ಯೋಚಿಸುತ್ತಿದ್ದರೆ ಮಾರ್ಚ್ ಕೊನೆಗೆ ಅನುದಾನ ವಾಪಸ್ ಹೋಗುತ್ತದೆ. ಇದು ಟೊಳ್ಳು ವಾದವಲ್ಲ. ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತು ಬರುವುದಿಲ್ಲ, ಇದನ್ನು ಅನುಭವಿಸಿದವರಿಗೆ ಗೊತ್ತು. ಆದರೆ ಅವಸರದ ಹಣಕ್ಕೆ ಹೊಸ ಕಟ್ಟಡವೇ ತಕ್ಕ ಕೆಲಸವೆಂದು ಯಾರು ಹೇಳಿದರು? ಹೊಸ ಕಟ್ಟಡಕ್ಕೆ ಜಾಗ, ಮಣ್ಣು ಪರೀಕ್ಷೆ, ನಕ್ಷೆ, ಅನುಮತಿ ಎಲ್ಲವೂ ಬೇಕು. ಬೇಗ ಮುಗಿಯುವುದು ದುರಸ್ತಿ. ಆ ವಾರ್ಷಿಕ ನಕ್ಷೆಯಿಂದ ಆಯ್ದ ದುರಸ್ತಿಗಳಿಗೆ ಅಂದಾಜುಪಟ್ಟಿ, ಟೆಂಡರಿನ ಕರಡು ಎಲ್ಲವನ್ನೂ ಸಿದ್ಧಪಡಿಸಿ ಕಪಾಟಿನಲ್ಲಿಟ್ಟಿದ್ದರೆ, ಅನುದಾನದ ನಿಯಮ ಒಪ್ಪುವಷ್ಟು ಹಣವನ್ನು ಫೆಬ್ರುವರಿಯಲ್ಲಿ ಬಂದರೂ ಖರ್ಚು ಮಾಡಬಹುದು. ನಿಯಮ ಒಪ್ಪದಿದ್ದರೆ ಕುಲಪತಿಗಳೆಲ್ಲ ಒಟ್ಟಾಗಿ ದೆಹಲಿಗೆ, ವಿಧಾನಸೌಧಕ್ಕೆ ಬರೆಯಬೇಕಾದ ಪತ್ರ ಆ ನಿಯಮದ ಬಗ್ಗೆ. ಇನ್ನೊಂದು ಬ್ಲಾಕಿಗೆ ಹಣ ಕೇಳಿ ಅಲ್ಲ. ಮುಂಗಾರು ಜೂನ್ ಮೊದಲ ವಾರಕ್ಕೆ ಬರುತ್ತದೆ, ತಾರಸಿಗೆ ಗಾರೆ ಹಾಕಲು ಏಪ್ರಿಲ್, ಮೇ ಎರಡು ತಿಂಗಳು ಸಾಕು.